ತುಂಗಭದ್ರಾ ಜಲಾಶಯದ ಮೀನು ಬೆಳೆ: ಬಿತ್ತನೆ ಯಾವಾಗ, ಕೊಯ್ಲು ಯಾವಾಗ?



ಮಿರಗದ ಮಳೆ ಬಿದ್ದ ಮರುದಿನ ಬೀಜದ ಜೋಳದ ಚೀಲ ಬಿಚ್ಚಿ ರೊಟ್ಟಿಗೆ ಬೀಸಿಸಿದ ರೈತನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಮನೆಯಲ್ಲಿ ಎಷ್ಟೇ ಅಡಚಣೆ ಇರಲಿ, ಬೀಜದ ಕಾಳಿಗೆ ಯಾರೂ ಕೈ ಹಚ್ಚುವುದಿಲ್ಲ. ಆದರೆ ಅದೇ ಮಿರಗ, ಅದೇ ಆರಿದ್ರಾ ಮಳೆಯಲ್ಲಿ ನಮ್ಮ ಹಿನ್ನೀರಿನ ಹಳ್ಳಿಗಳ ಜನ ಹಳ್ಳದ ಬಾಯಿಗೆ ಬಲೆ ಕಟ್ಟಿ, ಹೊಟ್ಟೆ ತುಂಬ ತತ್ತಿ ಇರುವ ಮೀನನ್ನು ಬುಟ್ಟಿಗಟ್ಟಲೆ ಹೊತ್ತು ತರುವುದನ್ನು ನಾನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಚೈತ್ರ ವೈಶಾಖಗಳಲ್ಲಿ ಅದೇ ಜನ ನನ್ನೆದುರು ಕುಳಿತು, "ಈಗೀಗ ಡ್ಯಾಮಿನಲ್ಲಿ ಮೀನೇ ಇಲ್ಲ ಸ್ವಾಮಿ" ಎನ್ನುತ್ತಾರೆ. ಈ ಎರಡು ಸಂಗತಿಗಳ ನಡುವೆ ಇರುವ ನಂಟನ್ನು ಬಿಡಿಸಿ ಹೇಳುವುದೇ ಈ ಪಾಠದ ಉದ್ದೇಶ.

ಇದನ್ನು ಬರೆಯುತ್ತಿರುವವನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ಮೀನುಗಾರಿಕೆ ಓದಿದವನಲ್ಲ. ವಯಸ್ಸು ಇಪ್ಪತ್ತೆಂಟು. ಆದುದರಿಂದ ಇಲ್ಲಿ ಹೇಳುವುದರಲ್ಲಿ ಅರ್ಧ ಮೀನುಗಾರಿಕೆ ಇಲಾಖೆಯವರನ್ನು ಕೇಳಿ ತಿಳಿದದ್ದು, ಇನ್ನರ್ಧ ತೆಪ್ಪದ ಮೇಲೆಯೇ ಬಾಳುವೆ ಮಾಡಿದ ಹಿರಿಯರ ಬಾಯಿಂದ ಬಂದದ್ದು. ನನ್ನ ಸ್ವಂತದ್ದೆಂದು ಹೇಳಿಕೊಳ್ಳಬಹುದಾದದ್ದು ಒಂದು ತಪ್ಪು ಮಾತ್ರ. ಅದನ್ನು ಅದರ ಸ್ಥಳ ಬಂದಾಗ ಹೇಳುತ್ತೇನೆ.

ಜಲಾಶಯವೂ ಒಂದು ಹೊಲವೇ. 1953ರಲ್ಲಿ ಮೊದಲು ನೀರು ನಿಂತ ಈ ಹೊಲ ತುಂಬಿದಾಗ ಸುಮಾರು 378 ಚದರ ಕಿಲೋಮೀಟರು ಹರಡುವುದು. ಎಕರೆ ಲೆಕ್ಕದಲ್ಲಿ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಹೊಲವಾಯಿತು. ಆದರೆ ನಮ್ಮ ಹೊಲಕ್ಕೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಇದು ವರ್ಷಕ್ಕೊಮ್ಮೆ ಹಿಗ್ಗುವುದು, ವರ್ಷಕ್ಕೊಮ್ಮೆ ಕುಗ್ಗುವುದು. ಕಾರ ಹುಣ್ಣಿಮೆಯ ಹೊತ್ತಿಗೆ ತಳ ಹಿಡಿದಿರುವ ನೀರು, ಶ್ರಾವಣದಲ್ಲಿ ಸಾಮಾನ್ಯವಾಗಿ ಒಡ್ಡಿನ ಮಟ್ಟಕ್ಕೆ ಬರುವುದು. ಆ ಮೇಲೆ ಎಡದಂಡೆ ಬಲದಂಡೆ ಕಾಲುವೆಗಳಿಗೆ ಹರಿದು ಹರಿದು ಬೇಸಿಗೆಗೆ ಮತ್ತೆ ಇಳಿಯುವುದು. ಮೀನಿನ ಹುಟ್ಟು, ಓಡಾಟ, ಮೇವು, ಎಲ್ಲವೂ ಈ ಏರಿಳಿತವನ್ನೇ ನೆಚ್ಚಿಕೊಂಡಿವೆ. ಆದ್ದರಿಂದ ಮೀನುಗಾರನ ಪಂಚಾಂಗ ನೀರಿನ ಮಟ್ಟವೇ. ನಮಗೆ ಮಳೆ ನಕ್ಷತ್ರಗಳು ಬಾಯಿಪಾಠವಾಗಿರುವುದರಿಂದ ನಾನು ಅದೇ ಲೆಕ್ಕದಲ್ಲಿ ಹೇಳುತ್ತೇನೆ.

ಮಿರಗದಿಂದ ಪುಷ್ಯದವರೆಗೆ

ಜೂನ್ ಮೊದಲ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗಿನ ಕಾಲ ಇದು. ಮಲೆನಾಡಿನಲ್ಲಿ ಮಳೆ ಹಿಡಿದು ತುಂಗೆ, ಭದ್ರೆ, ವರದೆಯರ ಕೆಂಪು ನೀರು ನಮ್ಮ ಹಿನ್ನೀರಿಗೆ ನುಗ್ಗುವುದು. ತಣ್ಣನೆಯ ಹೊಸ ನೀರು ಮೈಗೆ ತಗುಲಿದ ಕೂಡಲೇ ಬಲಿತ ಮೀನುಗಳು ಹರಿವಿಗೆ ಎದುರಾಗಿ ಹೊರಡುತ್ತವೆ. ಕಾಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಗೆಂಡೆಗಳು ಹೊಳೆಯ ಕಡೆಗೆ ಏರಿದರೆ, ಅರ್ಜ, ಬಾಳೆ, ಸಣ್ಣ ಜಾತಿಯ ಗೆಂಡೆಗಳು ಹಳ್ಳಗಳಿಗೂ, ನೀರು ತುಂಬಿದ ಹೊಲದ ತಗ್ಗುಗಳಿಗೂ ಹತ್ತುತ್ತವೆ. ಅವು ಮೇವಿಗಾಗಿ ಬರುವುದಲ್ಲ, ತತ್ತಿ ಇಡಲು ಬರುವುದು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಜಲಾಶಯದ ನಡುಮಧ್ಯದಲ್ಲಿ ಹತ್ತು ವರ್ಷ ಬಿಟ್ಟರೂ ಮಾಡುವುದಿಲ್ಲ. ಅವಕ್ಕೆ ಹರಿಯುವ, ಏರುವ, ಪ್ರವಾಹದ ನೀರೇ ಆಗಬೇಕು. ಹೊಳೆಗೆ ಹತ್ತುವ ದಾರಿಯಲ್ಲಿ ಅವುಗಳನ್ನು ಹಿಡಿದರೆ ಆ ವರ್ಷದ ಬಿತ್ತನೆ ಅಲ್ಲಿಗೇ ಮುಗಿಯಿತು. ಎರಡು ಕೆ.ಜಿ. ತೂಗುವ ಒಂದು ಹೆಣ್ಣು ಗೆಂಡೆಯ ಹೊಟ್ಟೆಯಲ್ಲಿ ಲಕ್ಷ ಎರಡು ಲಕ್ಷ ತತ್ತಿ ಇರುವುದು. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹಾಳಾದರೂ ಸಾವಿರ ಮರಿ ಉಳಿದಂತಾಯಿತು. ಸಂತೆಯಲ್ಲಿ ಅದನ್ನು ಎರಡು ಕೆ.ಜಿ. ಮೀನು ಎಂದು ಮಾರುತ್ತೇವೆ. ತತ್ತಿಯ ರುಚಿಗೆ ನಾಲ್ಕು ಕಾಸು ಹೆಚ್ಚು ಸಿಗಬಹುದು, ಅಷ್ಟೆ.

ಹಾಗಾದರೆ ಇಲಾಖೆಯವರು ಬಿಡುವ ಮರಿಗಳೆಲ್ಲಿಂದ ಬರುತ್ತವೆ ಎಂದು ಕೇಳುವಿರಿ. ಒಳ್ಳೆಯ ಪ್ರಶ್ನೆ. 1957ನೇ ಇಸವಿ ಜುಲೈ 10ರಂದು ಒರಿಸ್ಸಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಬಲಿತ ಗೆಂಡೆಗೆ ಚುಚ್ಚಿ, ನಿಂತ ನೀರಿನಲ್ಲಿಯೇ ತತ್ತಿ ಇಡುವಂತೆ ಮಾಡಿದರು. ಆ ನೆನಪಿಗಾಗಿಯೇ ಜುಲೈ 10 ದೇಶದಲ್ಲಿ ಮೀನು ಕೃಷಿಕರ ದಿನವಾಗಿದೆ. ಅಂದಿನಿಂದ ಗೆಂಡೆ ಮರಿಯನ್ನು ಕೇಂದ್ರಗಳಲ್ಲಿ ಮಾಡಿಸುವುದು ಸಾಧ್ಯವಾಯಿತು. ಕಾಟ್ಲಾ ಮೂಲತಃ ಗಂಗೆಯ ಬಯಲಿನ ಮೀನು. ನಮ್ಮ ನೀರಿಗೆ ಅದನ್ನು ತಂದು ಬಿಟ್ಟದ್ದು. ಅದು ಕಡಿಮೆಯಾದರೆ ಮತ್ತೆ ತಂದು ಬಿಡಬಹುದು. ಆದರೆ ನಮ್ಮ ಹೊಳೆಯದೇ ಆದ ಮೀನುಗಳ ಗತಿ ಹಾಗಲ್ಲ. ಹರಗಿ ಎಂಬ, ನೀರುಹುಲ್ಲು ಮೇಯುವ ದೊಡ್ಡ ಗೆಂಡೆಯನ್ನು ಹಿರಿಯರು ಬಾಯಿ ಚಪ್ಪರಿಸಿ ನೆನೆಯುತ್ತಾರೆ. ನನ್ನ ವಯಸ್ಸಿನವರು ಹೆಸರು ಮಾತ್ರ ಕೇಳಿದ್ದೇವೆ.

ಈ ಎರಡು ತಿಂಗಳು ಏನು ಮಾಡಬೇಕು? ಏನೂ ಮಾಡದಿರುವುದೇ ಕೆಲಸ. ಹಳ್ಳದ ಬಾಯಿ, ಸೇತುವೆಯ ಕಣ್ಣು, ಹೊಳೆ ಕೂಡುವ ಮೂಲೆ, ಈ ಮೂರು ಕಡೆ ಬಲೆಯನ್ನಾಗಲಿ ಕೂಳಿಯನ್ನಾಗಲಿ ಅಡ್ಡ ಹಾಕಕೂಡದು. ಮಳೆಗಾಲದ ನಿಷೇಧದ ದಿನಗಳನ್ನು ಇಲಾಖೆ ಪ್ರಕಟಿಸುವುದು, ಅದನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಸಿ. ಪಾಸಿನವರು ನಿಷೇಧಕ್ಕೆ ತಲೆಬಾಗಿ ದಡದಲ್ಲಿ ಕುಳಿತಿರುವಾಗ, ಪಾಸಿಲ್ಲದ ನಾವು ಹೊಲಕ್ಕೆ ಹೋಗಿ ಬರುವ ದಾರಿಯಲ್ಲಿ ಹಳ್ಳಕ್ಕೆ ಬಲೆ ಕಟ್ಟುವುದು ನ್ಯಾಯವಲ್ಲ. ಬಿತ್ತನೆಯ ಗಡಿಬಿಡಿಯಲ್ಲಿ ಮೀನಿಗೆಲ್ಲಿದೆ ಪುರುಸೊತ್ತು ಎಂದು ಹೇಳುವವರೇ ರಾತ್ರಿ ಬ್ಯಾಟರಿ ಹಿಡಿದು ಹೊರಡುವುದನ್ನು ನಾನು ಬಲ್ಲೆ.

ಒಡ್ಡು ತುಂಬಿದಾಗ

ಆಶ್ಲೇಷಾ, ಮಖಾ ಮಳೆಗಳಲ್ಲಿ ನೀರು 1633 ಅಡಿಯ ಮಟ್ಟಕ್ಕೆ ಸಮೀಪಿಸುವುದು. ಹೊಸದಾಗಿ ಮುಳುಗಿದ ದಡದಲ್ಲಿನ ಹುಲ್ಲು, ಸಗಣಿ, ಕೂಳೆ ಎಲ್ಲ ಕೊಳೆತು ನೀರಿಗೆ ಸಾರ ಬಿಡುತ್ತವೆ. ಕೆಸರು ತಳಕ್ಕೆ ಕುಳಿತ ಮೇಲೆ ಆ ಸಾರದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯ, ಜೀವಿಗಳು ಹುಟ್ಟುತ್ತವೆ. ಮೀನಿನ ಮರಿಗೆ ಅದೇ ಹಾಲು. ಮರಿಗಳು ಆಗ ದಡದ ಮೊಳಕಾಲುದ್ದ ನೀರಿನಲ್ಲಿಯೇ ಇರುವುವು. ಸೊಳ್ಳೆ ಪರದೆಯಂತಹ ಬಲೆಯಿಂದ ಅಲ್ಲಿ ಗೋರಿ ತೆಗೆದ ಒಂದು ಸೇರು "ಸಣ್ಣ ಮೀನು" ಎಂದರೆ ಅದರಲ್ಲಿ ಸಾವಿರ ದೊಡ್ಡ ಮೀನು ಇರಬಹುದು.

ಈ ದಿನಗಳಲ್ಲಿ ಹಿಡಿತ ಕಡಿಮೆ. ನೀರು ವಿಸ್ತಾರವಾಗಿ ಮೀನು ಚೆದರಿರುವುದೇ ಕಾರಣ. ಅದರ ಮೇಲೆ ಗಾಳಿ. ನೆಲದ ಮೇಲೆ ನಿಂತವನಿಗೆ ಅದು ಬರೀ ಗಾಳಿ, ತೆಪ್ಪದಲ್ಲಿ ಕುಳಿತವನಿಗೆ ಎದೆಯೆತ್ತರದ ಅಲೆ. ನಡುನೀರಿನಲ್ಲಿ ಮಗುಚಿದರೆ ಈಜು ಬಲ್ಲವನೂ ದಡ ಕಾಣುವುದು ಕಷ್ಟ. ತೇಲು ಅಂಗಿ ಇಲ್ಲದೆ ಯಾರೂ ಹೋಗಬೇಡಿ. ಅದು ಇಲ್ಲದವರು ಮುಚ್ಚಳ ಭದ್ರವಾಗಿರುವ ಎರಡು ಖಾಲಿ ಪ್ಲಾಸ್ಟಿಕ್ ಡಬ್ಬಗಳನ್ನಾದರೂ ತೆಪ್ಪಕ್ಕೆ ಕಟ್ಟಿಕೊಂಡಿರಲಿ. ಅಣೆಕಟ್ಟೆಯ 33 ಗೇಟುಗಳ ಸಮೀಪಕ್ಕೂ ಅದರ ಕೆಳಗಿನ ಹೊಳೆಗೂ ಇಳಿಯಲೇಬಾರದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ನೀರು ಯಾವ ವೇಗದಿಂದ ನುಗ್ಗಿತೆಂಬುದನ್ನು ಎಲ್ಲರೂ ನೋಡಿದ್ದೇವೆ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ ಎಂಬುದೂ ತಿಳಿದಿರಲಿ.

ನೀರಿಗೆ ಹೋಗಲಾಗದ ಈ ಕಾಲದಲ್ಲಿ ರೈತನಿಗೆ ಒಂದು ಬೇರೆ ಕೆಲಸ ಉಂಟು, ಅದರಿಂದ ನಾಲ್ಕು ಕಾಸೂ ಉಂಟು. ಜಲಾಶಯಕ್ಕೆ ಕೂದಲಿನಂತಹ ಮರಿ ಬಿಟ್ಟರೆ ಬಾಳೆ, ಕೊರವ ಮುಂತಾದ ಹಿಂಸ್ರ ಮೀನುಗಳು ತಿಂದು ಮುಗಿಸುತ್ತವೆ. ಅಂಗೈ ಅಗಲದಷ್ಟು, ಎಂದರೆ ಹತ್ತು ಸೆಂಟಿಮೀಟರು ಬೆಳೆದ ಮರಿ ಬಿಟ್ಟರೆ ಹೆಚ್ಚು ಪಾಲು ಬದುಕುವುದು. ಅಷ್ಟು ಬೆಳೆಸಲು ಎರಡು ಮೂರು ತಿಂಗಳು ಸಾಕು, ನಿಮ್ಮ ಕೃಷಿ ಹೊಂಡದಲ್ಲಿಯೂ ಬೆಳೆಸಬಹುದು. ಜುಲೈ ಕೊನೆಗೆ ಒಂದು ಇಂಚಿನ ಮರಿಯನ್ನು ಸರ್ಕಾರದ ಮೀನುಮರಿ ಕೇಂದ್ರದಿಂದ ತನ್ನಿ. ಚದರ ಮೀಟರಿಗೆ ಹತ್ತಕ್ಕಿಂತ ಹೆಚ್ಚು ಬೇಡ. ಮರಿ ತಂದ ಚೀಲವನ್ನು ಕಾಲು ಗಂಟೆ ಹೊಂಡದ ನೀರಿನ ಮೇಲೆ ತೇಲಬಿಟ್ಟು ಆಮೇಲೆ ಬಾಯಿ ಬಿಚ್ಚಬೇಕು, ಇಲ್ಲದಿದ್ದರೆ ನೀರಿನ ಬಿಸಿ ತಂಪು ಬದಲಾಗಿ ಸಾಯುವುವು. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಕಲಸಿ ದಿನಕ್ಕೆರಡು ಸಲ, ತಿಂದು ಮುಗಿಸುವಷ್ಟೇ ಹಾಕಿ. ಆದರೆ ಕೊಳ್ಳುವವರು ಯಾರು ಎಂಬುದನ್ನು ಸಹಕಾರ ಸಂಘದವರೊಡನೆ ಮೊದಲೇ ಮಾತಾಡಿಕೊಳ್ಳದೆ ಮರಿ ತರಬೇಡಿ. ಮರಿ ಬೆಳೆದ ಮೇಲೆ ಗಿರಾಕಿ ಹುಡುಕಿ ಸುಸ್ತಾದವರನ್ನು ನೋಡಿದ್ದೇನೆ. ಆಫ್ರಿಕನ್ ಕ್ಯಾಟ್‌ಫಿಶ್ ಎಂಬ ಮೀನನ್ನು ಯಾರಾದರೂ ತಂದುಕೊಟ್ಟರೆ ಹೊಂಡದ ಹತ್ತಿರಕ್ಕೂ ತರಬಾರದು. ಅದನ್ನು ಸಾಕುವುದನ್ನು 2000ದಲ್ಲಿಯೇ ನಿಷೇಧಿಸಲಾಗಿದೆ. ಒಮ್ಮೆ ಹೊಳೆಗೆ ತಪ್ಪಿಸಿಕೊಂಡರೆ ಉಳಿದ ಮೀನಿನ ಬಾಳು ಮುಗಿದಂತೆಯೇ.

ನೀರು ಹಿಂದೆ ಸರಿದಾಗ

ಚಿತ್ತಾ, ಸ್ವಾತಿ ಮಳೆಗಳ ನಂತರ ನೀರು ನಿಧಾನವಾಗಿ ಹಿಂದೆ ಸರಿಯತೊಡಗುವುದು. ಅದರ ಬೆನ್ನ ಹಿಂದೆಯೇ ನಮ್ಮ ಜನ ಕೂರಿಗೆ ಹಿಡಿದು ಇಳಿಯುತ್ತಾರೆ. ಆ ಮೆಕ್ಕಲು ಮಣ್ಣಿನಲ್ಲಿ ಕಡಲೆ, ಜೋಳ ಗೊಬ್ಬರವಿಲ್ಲದೆಯೂ ಬರುವುದು ನಿಜ. ಮುಳುಗಡೆಗೆ ಸೇರಿದ ಆ ನೆಲದಲ್ಲಿ ಬಿತ್ತುವ ಹಕ್ಕಿನ ಮಾತು ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಬಿತ್ತುವವರು ಇಳಿಜಾರಿಗೆ ಅಡ್ಡಲಾಗಿ ಬಿತ್ತಿರಿ ಎಂದಷ್ಟೇ ಹೇಳುತ್ತೇನೆ. ಮೊದಲಿಗೆ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105 ಟಿ.ಎಂ.ಸಿ. ಆಸುಪಾಸಿಗೆ ಇಳಿದಿದೆ.

ಇನ್ನು ನನ್ನ ತಪ್ಪಿನ ವಿಷಯ. ನಾನು ಕೆಲಸಕ್ಕೆ ಬಂದ ಮೊದಲ ವರ್ಷ, ಡಿಸೆಂಬರ್ ತಿಂಗಳು. ನೀರಂಚಿನಲ್ಲಿ ಎರಡು ಎಕರೆ ಕಡಲೆ ಹಾಕಿದ್ದ ರೈತರೊಬ್ಬರು ಕಾಯಿಕೊರಕ ಬಿದ್ದಿದೆ ಎಂದು ಕರೆದುಕೊಂಡು ಹೋದರು. ಹುಳ ಎಣಿಸಿದೆ, ಸಿಂಪಡಿಸುವುದಕ್ಕೆ ಯೋಗ್ಯವಾದಷ್ಟು ಇದ್ದುವು. ಕಾಲೇಜಿನಲ್ಲಿ ಕಲಿತಂತೆ ಸಿಂಥೆಟಿಕ್ ಪೈರಿಥ್ರಾಯ್ಡ್ ಜಾತಿಯ ಒಂದು ಔಷಧಿಯ ಹೆಸರು ಬರೆದುಕೊಟ್ಟೆ. ಮನುಷ್ಯರಿಗೆ ದನಕರುಗಳಿಗೆ ಅಷ್ಟಾಗಿ ಅಪಾಯವಿಲ್ಲ ಎಂದೂ ಹೇಳಿದೆ. ಅದು ಸುಳ್ಳಲ್ಲ. ಆದರೆ ಅದೇ ಔಷಧಿ ಮೀನಿಗೆ ಅತಿ ಘೋರವಾದ ವಿಷ, ಒಂದು ಬಾನಿ ನೀರಿಗೆ ಕಣ್ಣಿಗೆ ಕಾಣದಷ್ಟು ಬಿದ್ದರೂ ಸಾಕು. ಅದನ್ನೂ ನಾನು ಓದಿದ್ದೆ. ಪರೀಕ್ಷೆಗೆ ಬರೆದೂ ಇದ್ದೆ. ಹೊಲದಲ್ಲಿ ನಿಂತಾಗ ಹತ್ತು ಹೆಜ್ಜೆ ಆಚೆ ಇದ್ದ ನೀರು ನನಗೆ ಹೊಳೆಯಲಿಲ್ಲ.

ರೈತರು ಸಂಜೆ ಸಿಂಪಡಿಸಿ, ಎಲ್ಲರೂ ಮಾಡುವಂತೆ ಪಂಪನ್ನು ನೀರಂಚಿನಲ್ಲಿಯೇ ತೊಳೆದರು. ಮರುದಿನ ಬೆಳಿಗ್ಗೆ ಪಕ್ಕದ ಶಿಬಿರದ ಮೀನುಗಾರರೊಬ್ಬರು ನನ್ನ ಕೋಣೆಯ ಬಾಗಿಲಿಗೆ ಬಂದರು. ಜಗಳ ಮಾಡಲಿಲ್ಲ. ಅಂಗವಸ್ತ್ರದ ಗಂಟು ಬಿಚ್ಚಿ ತೋರಿಸಿದರು. ಬೆರಳುದ್ದದ ರೋಹು ಮರಿ, ಒಂದು ಹಿಡಿ. "ಆ ಕೊಲ್ಲಿಯ ತುಂಬ ಹೀಗೆ ತೇಲುತ್ತಿವೆ, ಏನಾಯಿತೆಂದು ತಾವು ಓದಿದವರು ಹೇಳಿ" ಎಂದರು. ಹೇಳಿದೆ. ಆ ವರ್ಷ ಸಂಘದವರು ವಂತಿಗೆ ಕೂಡಿಸಿ ಕೊಂಡು ಬಿಟ್ಟಿದ್ದ ಮರಿಗಳಂತೆ ಅವು. ಅವರ ಮೂರು ಮಕ್ಕಳ ಶಾಲೆಯ ಖರ್ಚು ಆ ಕೊಲ್ಲಿಯ ಮೇಲೆಯೇ ನಿಂತಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಔಷಧಿ ಸಿಂಪಡಿಸಿದ ರೈತರೂ ಬಂದು ನೋಡಿ ತಲೆ ತಗ್ಗಿಸಿದರು, ಅವರದೇನೂ ತಪ್ಪಿರಲಿಲ್ಲ.

ಅಂದಿನಿಂದ ಹಿನ್ನೀರಿನ ಕಡಲೆಗೆ ನಾನು ಹೇಳುವುದು ಇಷ್ಟು. ಹೂವಾಡುವ ಮೊದಲೇ ಎಕರೆಗೆ ಹತ್ತಿಪ್ಪತ್ತು ಕವಲು ಕಡ್ಡಿ ನೆಟ್ಟು ಹಕ್ಕಿ ಕೂರಲು ಅನುವು ಮಾಡಿಕೊಡಿ. ನಮ್ಮ ದಡದಲ್ಲಿ ಹಕ್ಕಿಗೆ ಬರವಿಲ್ಲ. ಮೋಹಕ ಬಲೆ ಕಟ್ಟಿ ಪತಂಗ ಎಣಿಸಿ. ಹುಳ ಸಣ್ಣದಿರುವಾಗಲೇ ಶೇಕಡಾ ಐದರ ಬೇವಿನ ಬೀಜದ ಕಷಾಯ ಹೊಡೆಯಿರಿ, ಇಲ್ಲವೆ ಕಾಯಿಕೊರಕಕ್ಕೆ ಮಾತ್ರ ರೋಗ ತರುವ ಎನ್.ಪಿ.ವಿ. ನಂಜಾಣುವನ್ನು ಸಂಜೆಯ ಹೊತ್ತು ಸಿಂಪಡಿಸಿರಿ. ಬೇವು ಮೀನಿಗೆ ಏನೂ ಮಾಡದೆಂದಲ್ಲ, ಅದನ್ನೂ ನೀರಿಗೆ ಚೆಲ್ಲಕೂಡದು. ನೀರಂಚಿನ ಮೂವತ್ತು ಹೆಜ್ಜೆಯೊಳಗೆ ಯಾವ ಔಷಧಿಯೂ ಬೇಡ. ಪಂಪು ತೊಳೆದ ನೀರನ್ನು ಬದುವಿನ ಮೇಲೆ ಗುಂಡಿ ತೋಡಿ ಇಂಗಿಸಿ, ಖಾಲಿ ಸೀಸೆಯನ್ನು ದಡದಲ್ಲಿ ಎಸೆದು ಬರಬೇಡಿ.

ಈ ತಿಂಗಳುಗಳಲ್ಲಿಯೇ ಕೆಲವು ವರ್ಷ ಜಲಾಶಯದ ನೀರು ಬಣ್ಣ ಕಲಸಿದಂತೆ ಹಸಿರಾಗುವುದುಂಟು. ಹೊಲಗಳಿಂದ ಬಂದ ಗೊಬ್ಬರದ ಸಾರ, ಊರುಗಳ ಹೊಲಸು ತಿಂದು ಬೆಳೆದ ಪಾಚಿ ಅದು. ಅಂತಹ ನೀರನ್ನು ದನಗಳಿಗೆ ಕುಡಿಸಬೇಡಿ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಉಸಿರಿನ ಗಾಳಿ ಸಾಲದೆಂದು ಅರ್ಥ, ತಾನಾಗಿ ಸತ್ತು ತೇಲಿದ ಮೀನನ್ನು ತಿನ್ನಲೂ ಬಾರದು, ಮಾರಲೂ ಬಾರದು. ಪುಷ್ಯ ಮಾಘದ ಚಳಿಯಲ್ಲಿ ಮೀನಿಗೆ ಹಸಿವು ಕಡಿಮೆ, ಓಡಾಟವೂ ಕಡಿಮೆ. ಗಾಳಕ್ಕೆ ಸಿಗದೆಂದು ಬೇಸರಪಡದೆ ಬಲೆ ಹೊಲೆದುಕೊಳ್ಳುವುದಕ್ಕೆ ಅದು ತಕ್ಕ ಕಾಲ.

ಬೇಸಿಗೆಯ ಕೊಯ್ಲು

ಶಿವರಾತ್ರಿ ಕಳೆದು ಬಿಸಿಲೇರಿದಂತೆ ನೀರು ಕುಗ್ಗುವುದು, ಮೀನು ಒಂದೆಡೆ ಸೇರುವುದು. ಸುಗ್ಗಿ ಎಂದರೆ ಇದೇ. ಫಾಲ್ಗುಣದಿಂದ ವೈಶಾಖದ ನಡುವಿನವರೆಗೆ ಧಾರಾಳವಾಗಿ ಹಿಡಿಯಿರಿ, ಇಲಾಖೆಯ ಪಾಸು ಇದ್ದವರು, ಇಲ್ಲವೆ ಗುತ್ತಿಗೆ ಪಡೆದ ಸಂಘದ ಸದಸ್ಯರು. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವುದರಿಂದ ಬಲೆಯ ಆಳವನ್ನು ಅದರಂತೆ ಹೊಂದಿಸಬೇಕು.

ಬಲೆಯ ಕಣ್ಣಿನ ವಿಷಯದಲ್ಲಿ ಮಾತ್ರ ಲೋಭ ಬೇಡ. ನಾಲ್ಕು ಬೆರಳು ಸಡಿಲವಾಗಿ ತೂರದ ಕಣ್ಣಿನ ಬಲೆ ಗೆಂಡೆಗೆ ಬೇಡವೇ ಬೇಡ. ಲೆಕ್ಕ ಹಾಕಿ ನೋಡಿ. ನೂರು ಗ್ರಾಮಿನ ಹತ್ತು ರೋಹು ಹಿಡಿದರೆ ಒಂದು ಕೆ.ಜಿ. ಆಯಿತು, ಅದೂ ಸಣ್ಣ ಮೀನಿನ ದರಕ್ಕೆ. ಅದೇ ಹತ್ತನ್ನು ಇನ್ನೊಂದು ವರ್ಷ ಬಿಟ್ಟು, ಅರ್ಧ ಸತ್ತುಹೋದುವೆಂದೇ ಇಟ್ಟುಕೊಳ್ಳಿ, ಉಳಿದ ಐದು ತಲಾ ಒಂದು ಕೆ.ಜಿ. ಬೆಳೆದರೂ ಐದು ಕೆ.ಜಿ., ದೊಡ್ಡ ಮೀನಿನ ದರಕ್ಕೆ. ನಾನು ಬಿಟ್ಟರೆ ಪಕ್ಕದವನು ಹಿಡಿಯುತ್ತಾನೆ ಎಂಬುದೇ ಇದಕ್ಕೆ ಎಲ್ಲರೂ ಕೊಡುವ ಉತ್ತರ. ಆ ಉತ್ತರದಲ್ಲಿ ಸತ್ಯವಿದೆ. ಆದ್ದರಿಂದಲೇ ಇದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಒಂದು ಕೊಲ್ಲಿಯ ಸುತ್ತ ಇರುವ ಹಳ್ಳಿಗಳವರೂ ಶಿಬಿರದವರೂ ಒಟ್ಟಿಗೆ ಕುಳಿತು ತೀರ್ಮಾನಿಸಿ, ಸಣ್ಣ ಕಣ್ಣಿನ ಬಲೆ ಕಂಡರೆ ದಡದಲ್ಲಿಯೇ ತಡೆಯಬೇಕು. ಜಿಲೇಬಿ ಮೀನಿಗೆ ಈ ಕಟ್ಟಳೆ ಬೇಕಿಲ್ಲ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಈ ಮೀನು ಬಾಯಲ್ಲಿಯೇ ಮರಿ ಕಾಪಾಡುತ್ತ ವರ್ಷಕ್ಕೆ ಹಲವು ಸಲ ಮರಿ ಮಾಡುವುದು. ದಡದ ತಗ್ಗುಗಳಲ್ಲಿ ಬೀಸುಬಲೆಯಿಂದ ಅದನ್ನು ಎಷ್ಟು ಹಿಡಿದರೂ ಲಾಭವೇ, ಬಲೆಗೆ ಬಿದ್ದ ಗೆಂಡೆ ಮರಿಯನ್ನು ಮಾತ್ರ ಕೂಡಲೇ ನೀರಿಗೆ ಬಿಡಿ.

ತೋಟೆ ಸಿಡಿಸುವುದು, ವಿಷ ಹಾಕುವುದು, ಕರೆಂಟು ಬಿಡುವುದು, ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೋಟೆ ಮತ್ತು ವಿಷವನ್ನು 1897ರ ಕಾಯಿದೆಯೇ ನಿಷೇಧಿಸಿತ್ತು. ತೋಟೆಗೆ ಸತ್ತ ಮೀನಿನಲ್ಲಿ ಬಹುಪಾಲು ತಳಕ್ಕೆ ಮುಳುಗಿ ಕೊಳೆಯುವುದು, ಸಿಡಿಸಿದವನ ಕೈಯೂ ಒಮ್ಮೊಮ್ಮೆ ಅದರೊಡನೆ ಹೋಗುವುದು.

ಬೇಸಿಗೆಯ ಮೀನು ಬೇಗ ಕೆಡುವುದರಿಂದ ಮಂಜುಗಡ್ಡೆಯಿಲ್ಲದೆ ಬಲೆ ಎತ್ತಬೇಡಿ. ನಸುಕಿನಲ್ಲಿಯೇ ಎತ್ತಿ, ಮೀನಿನಷ್ಟೇ ತೂಕದ ಮಂಜುಗಡ್ಡೆ ಪುಡಿ ಮಾಡಿ ಒಂದು ಪದರ ಮೀನು ಒಂದು ಪದರ ಮಂಜು ಹಾಕಿ ತುಂಬಿ. ಕಿವಿರು ಕೆಂಪಗಿದ್ದು ಕಣ್ಣು ಉಬ್ಬಿದ್ದರೆ ಹೊಸಪೇಟೆಯ ವ್ಯಾಪಾರಿಯ ಮುಂದೆ ನಿಮ್ಮ ಮಾತು ನಡೆಯುವುದು. ಕಣ್ಣು ಒಳಸೇರಿದ ಮೇಲೆ ಅವನ ಮಾತೇ ನಡೆಯುವುದು.

ಮೇ ತಿಂಗಳ ನಡುವಿನ ಹೊತ್ತಿಗೆ ಹಿನ್ನೀರಿನ ಹಳೆಯ ಹೊಳೆಪಾತ್ರದಲ್ಲಿ, ಮುಳುಗಿದ ಊರುಗಳ ಹತ್ತಿರದ ಆಳದಲ್ಲಿ ಕೆಲವು ಮಡುಗಳು ಮಾತ್ರ ಉಳಿಯುತ್ತವೆ. ವರ್ಷವಿಡೀ ಬಲೆಗೆ ಸಿಗದೆ ಉಳಿದ ದೊಡ್ಡ ದೊಡ್ಡ ಹೆಣ್ಣು ಮೀನುಗಳೆಲ್ಲ ಅಲ್ಲಿರುತ್ತವೆ. ಎಳೆಬಲೆ ಹಾಕಿದರೆ ಒಂದೇ ದಿನದಲ್ಲಿ ತೆಪ್ಪ ತುಂಬುವಷ್ಟು ಸಿಗುವುದು. ನಿಮ್ಮ ಊರಿನ ಎದುರಿಗಿರುವ ಅಂತಹ ಮಡುಗಳು ಯಾವುವೆಂದು ಹಿರಿಯ ಮೀನುಗಾರರನ್ನು ಕೇಳಿ ಗುರುತು ಮಾಡಿ, ಮೇ 15ರಿಂದ ಮಿರಗ ಹುಟ್ಟಿ ಹೊಸ ನೀರು ಬರುವವರೆಗೆ ಅಲ್ಲಿ ಯಾರೂ ಬಲೆ ಇಳಿಸದಂತೆ ಗ್ರಾಮಸಭೆಯಲ್ಲಿ ಬರೆಸಿಕೊಳ್ಳಿ. ಗ್ರಾಮಸಭೆಯ ದಿನ ನನಗೆ ತಿಳಿಸಿದರೆ ಮೀನುಗಾರಿಕೆ ಇಲಾಖೆಯವರನ್ನೂ ಕರೆದುಕೊಂಡು ಬರುತ್ತೇನೆ. ಶಿಬಿರದವರನ್ನು ಕರೆಯುವುದನ್ನು ಮಾತ್ರ ಮರೆಯಬೇಡಿ.